ಎಂಟು ಗಂಟೆಯ ಆಟಕ್ಕೆ ಹದಿನಾರು ಗಂಟೆ

ಚಾರ್ಮಾಡಿ ಘಾಟಿ ಹತ್ತುವ ಮೊದಲು ಸಿಗುವ ಸಣ್ಣ ಪೇಟೆ ಕಕ್ಕಿಂಜೆ. ನಾನು ಹುಟ್ಟಿ ಬೆಳೆದದ್ದು ಅಲ್ಲಿಯೇ. ಆದರೂ ನನ್ನ ಪಿಎಚ್.ಡಿ.ಯ ಅರ್ಧದಷ್ಟು ಆಕರ ಅದೇ ಪೇಟೆಯ ಒಂದು ಕಪಾಟಿನಲ್ಲಿ ಕುಳಿತಿದೆ ಎಂದು ಗೊತ್ತಾದದ್ದು ಕಳೆದ ಮಳೆಗಾಲದಲ್ಲಿ. ಮದುವೆ, ಗೃಹಪ್ರವೇಶ, ಹರಕೆಯ ಬಯಲಾಟ ಎಂದು ಊರೂರಿಗೆ ಕ್ಯಾಮೆರಾ ಹೊತ್ತು ಹೋಗುತ್ತಿದ್ದ ಸ್ಟುಡಿಯೋದ ಅಣ್ಣ ಅಂಗಡಿ ಖಾಲಿ ಮಾಡುವವರಿದ್ದರು. ದೀಪಾವಳಿಗೆ ಬಾಡಿಗೆ ಕರಾರು ಮುಗಿಯುತ್ತಿತ್ತು. ಕಪಾಟಿನಲ್ಲಿ ಹದಿನಾಲ್ಕು ಆಟಗಳ 112 ಮಿನಿ ಡಿವಿ ಕ್ಯಾಸೆಟ್ಟುಗಳಿದ್ದವು. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಗಾತ್ರ, ಒಂದೊಂದರಲ್ಲಿ ಒಂದೊಂದು ಗಂಟೆ. ಕೆಲವದರ ಅಂಚಿನಲ್ಲಿ ಬೂಷ್ಟು ಶುರುವಾಗಿತ್ತು. ಅವನ್ನು ಓಡಿಸಬಲ್ಲ ಕ್ಯಾಮೆರಾ ಉಳಿದದ್ದು ಒಂದೇ, ಅದರ ಹೆಡ್ಡು ಯಾವ ದಿನ ಕೈಕೊಡುತ್ತದೋ ಅವರಿಗೂ ಗೊತ್ತಿರಲಿಲ್ಲ.

ನನ್ನ ಅಧ್ಯಯನದ ವಿಷಯವೂ ಹೊತ್ತೇ. ತೆಂಕುತಿಟ್ಟಿನ ಇಡೀ ರಾತ್ರಿಯ ಆಟದಲ್ಲಿ ಪದಕ್ಕೆ ಎಷ್ಟು ಹೊತ್ತು ಹೋಗುತ್ತಿತ್ತು, ಅರ್ಥಕ್ಕೆ ಎಷ್ಟು, ಕುಣಿತಕ್ಕೆ ಎಷ್ಟು, ಈಗ ಹಲವು ಮೇಳಗಳು ಕಾಲಮಿತಿಗೆ ಬಂದ ಮೇಲೆ ಅದರಲ್ಲಿ ಯಾವುದು ತೆಳ್ಳಗಾಯಿತು ಎಂಬುದನ್ನು ಗಡಿಯಾರ ಹಿಡಿದು ನೋಡುವ ಕೆಲಸ ಅದು. ಅದಕ್ಕೆ ಪೂರ್ವರಂಗದಿಂದ ಮಂಗಳದವರೆಗೆ ಬಿಡದೆ ಹಿಡಿದ ದಾಖಲೆ ಬೇಕು. ಸ್ಟುಡಿಯೋದ ಅಣ್ಣನ ಹತ್ತಿರ ಇದ್ದದ್ದು ಅದೇ.

ಮೊದಲ ಆಟವನ್ನು ಕಂಪ್ಯೂಟರಿಗೆ ಇಳಿಸಿ, ಸಣ್ಣ ಕಡತವಾಗಿ ಎನ್‌ಕೋಡ್ ಮಾಡಲು ಹಾಕಿ ಮನೆಗೆ ಬಂದೆ. ಮರುದಿನ ಹೋದರೂ ಅದು ಓಡುತ್ತಲೇ ಇತ್ತು. ಅಣ್ಣ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೇಳಿದರು: "ಎಂಥ ಮಾರಾಯ್ತಿ ಇದು? ಆಟವೇ ಎಂಟು ಗಂಟೆ. ಅದನ್ನು ಸಣ್ಣ ಮಾಡ್ಲಿಕ್ಕೆ ಹದಿನಾರು ಗಂಟೆಯಾ?"

ಅವರ ಪ್ರಶ್ನೆಗೆ ಆಗ ಉತ್ತರ ಕೊಡಲಾಗಲಿಲ್ಲ. ಹುಡುಕುತ್ತ ಹೋದಾಗ ಅದು ನನ್ನನ್ನು ಕರೆದುಕೊಂಡು ಹೋದದ್ದು ಬೆಂಗಳೂರಿಗೆ, ಅಲ್ಲಿಂದ ಅಮೆರಿಕದ ಕನ್ಸಾಸಿಗೆ.

ನಾಸಿರ್ ಅಹಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಈಗ ನಾವು ಯುವಿಸಿಇ ಎಂದು ಕರೆಯುವ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಮುಗಿಸಿ ಅಮೆರಿಕಕ್ಕೆ ಹೋದರು. 1966ರಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು, ಎರಡು ವರ್ಷ ಹನಿವೆಲ್ ಕಂಪನಿಯಲ್ಲಿದ್ದು, 1968ರಲ್ಲಿ ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರು. ಚಿತ್ರಗಳನ್ನು ಕಡಿಮೆ ಅಂಕಿಗಳಲ್ಲಿ ಹಿಡಿದಿಡಲು ಕೊಸೈನ್ ಅಲೆಗಳನ್ನು ಬಳಸಬಹುದು ಎಂಬ ಯೋಚನೆಯ ಮೇಲೆ ಕೆಲಸ ಮಾಡಲು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಪ್ರಸ್ತಾವ ಕಳಿಸಿದರು. ಹಣ ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತು ಎಂದು ಪರಿಶೀಲಕರೊಬ್ಬರು ಬರೆದಿದ್ದರಂತೆ. ಇದನ್ನು ಅಹಮದ್ ಅವರೇ 1991ರಲ್ಲಿ ಬರೆದ ಒಂದು ಚಿಕ್ಕ ನೆನಪಿನ ಲೇಖನದಲ್ಲಿ ಹೇಳಿಕೊಂಡಿದ್ದಾರೆ. ಸಂಶೋಧನಾ ಪ್ರಸ್ತಾವ ಬರೆದು ಬರೆದು ವಾಪಸು ಪಡೆಯುವ ನನ್ನಂಥವರು ಆ ಲೇಖನವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಅನುದಾನವಿಲ್ಲದೆಯೇ 1973ರ ಬೇಸಿಗೆಯನ್ನು ಅವರು ಇದಕ್ಕೆ ಕೊಟ್ಟರು. ಜೊತೆಗೆ ಇದ್ದವರು ಅವರ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸ್ ವಿಶ್ವವಿದ್ಯಾಲಯದ ಆರ್ಲಿಂಗ್ಟನ್ ಕೇಂದ್ರದ ಕೆ. ಆರ್. ರಾವ್. 1974ರ ಜನವರಿಯಲ್ಲಿ ಮೂವರ ಹೆಸರಿನಲ್ಲಿ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಪ್ರಬಂಧ ಪ್ರಕಟವಾಯಿತು. ಒಟ್ಟು ನಾಲ್ಕು ಪುಟ. ಇವತ್ತು ಮೊಬೈಲಿನಲ್ಲಿ ಹರಿದಾಡುವ ಜೆಪೆಗ್ ಫೋಟೋ, ಒಂದು ಕಾಲದಲ್ಲಿ ನಮ್ಮ ಜಿಲ್ಲೆಯ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಡುತ್ತಿದ್ದ ಯಕ್ಷಗಾನದ ವಿಸಿಡಿ, ಸ್ಟುಡಿಯೋದ ಅಣ್ಣನ ಮಿನಿ ಡಿವಿ ಕ್ಯಾಸೆಟ್ಟು, ಎಲ್ಲದರ ಹೊಟ್ಟೆಯಲ್ಲಿ ಇರುವುದು ಆ ನಾಲ್ಕು ಪುಟ.

ಅದು ಮಾಡುವ ಕೆಲಸವನ್ನು ಬಯಲಾಟದ ರಂಗಸ್ಥಳ ಇಟ್ಟುಕೊಂಡು ಹೇಳುವುದು ನನಗೆ ಸುಲಭ. ಚಿತ್ರವನ್ನು ಅಡ್ಡ ಎಂಟು, ಉದ್ದ ಎಂಟು ಚುಕ್ಕಿಗಳ ಚೌಕಗಳಾಗಿ ಕತ್ತರಿಸುತ್ತಾರೆ. ಒಂದು ಚೌಕದಲ್ಲಿ 64 ಬೆಳಕಿನ ಅಂಕಿಗಳು. ಅವನ್ನು ಬೇರೆ 64 ಅಂಕಿಗಳಾಗಿ ಬದಲಿಸುವುದೇ ಆ ಪರಿವರ್ತನೆ. ಹೊಸ ಅಂಕಿಗಳಲ್ಲಿ ಮೊದಲನೆಯದು ಚೌಕದ ಸರಾಸರಿ ಬೆಳಕನ್ನು ಹೇಳುತ್ತದೆ. ಉಳಿದ 63 ಅಂಕಿಗಳು ಆ ಬೆಳಕು ಎಷ್ಟು ನಿಧಾನವಾಗಿ ಅಥವಾ ಎಷ್ಟು ಚುರುಕಾಗಿ ಏರಿಳಿಯುತ್ತದೆ ಎಂದು ಹೇಳುತ್ತವೆ. ರಂಗಸ್ಥಳದ ಹಿಂದಿನ ಕತ್ತಲ ಗದ್ದೆಯ ಚೌಕದಲ್ಲಿ ಮೊದಲ ಅಂಕಿ ಬಿಟ್ಟರೆ ಉಳಿದವು ಹೆಚ್ಚುಕಡಿಮೆ ಸೊನ್ನೆ. ಬಣ್ಣದ ವೇಷದ ಮುಖದ ಮೇಲಿನ ಚುಟ್ಟಿ ಇರುವ ಚೌಕದಲ್ಲಿ ಹಾಗಲ್ಲ, ಬಿಳಿ ಮುಳ್ಳುಗಳ ಅಂಚು ಅಂಚಿಗೂ ಅಂಕಿಗಳು ತುಂಬಿರುತ್ತವೆ. ಈ ಬದಲಾವಣೆಯಲ್ಲಿ ಏನೂ ಕಳೆದುಹೋಗುವುದಿಲ್ಲ. ಕಳೆಯುವುದು ಆಮೇಲೆ, ಸಣ್ಣ ಅಂಕಿಗಳನ್ನು ಒರಟಾಗಿ ಪೂರ್ಣಾಂಕಕ್ಕೆ ತಂದು, ಬಹುಪಾಲನ್ನು ಸೊನ್ನೆ ಮಾಡುವಾಗ. ಕೈ ತುಸು ಜೋರಾದರೆ ಚುಟ್ಟಿಯ ಮುಳ್ಳುಗಳು ಒಂದಕ್ಕೊಂದು ಅಂಟಿ ಸುಣ್ಣ ಬಳಿದಂತೆ ಕಾಣುತ್ತವೆ.

ಇನ್ನು ಲೆಕ್ಕ. ನಮ್ಮಲ್ಲಿನ ಮಿನಿ ಡಿವಿ ಚಿತ್ರ 720ಕ್ಕೆ 576 ಚುಕ್ಕಿ, ಸೆಕೆಂಡಿಗೆ 25 ಚಿತ್ರ. ಎಂಟು ಗಂಟೆಗೆ 7,20,000 ಚಿತ್ರಗಳಾದವು. ಒಂದೊಂದರಲ್ಲಿ 6,480 ಚೌಕ. ಬಣ್ಣದ ಲೆಕ್ಕ ಬಿಟ್ಟು, ಬರೀ ಬೆಳಕಿನದ್ದೇ ಹಿಡಿದರೂ ಒಂದು ಆಟಕ್ಕೆ 466 ಕೋಟಿ ಚೌಕಗಳು. ಒಂದು ಚೌಕವನ್ನು ನೇರವಾಗಿ ಪರಿವರ್ತಿಸಿದರೆ 4,096 ಗುಣಾಕಾರ ಬೇಕು. ಸಾಲುಗಳನ್ನು ಮೊದಲು, ಕಂಬಗಳನ್ನು ಆಮೇಲೆ ಮಾಡಿದರೆ 1,024ಕ್ಕೆ ಇಳಿಯುತ್ತದೆ. 1977ರಲ್ಲಿ ಚೆನ್, ಸ್ಮಿತ್, ಫ್ರಾಲಿಕ್ ಎಂಬ ಮೂವರು ಕಂಡುಕೊಂಡ ಅಡ್ಡದಾರಿಯಲ್ಲಿ ಅದು 256 ಆಯಿತು. 1989ರಲ್ಲಿ ಲೋಫ್ಲರ್ ಮತ್ತು ಸಂಗಡಿಗರು 176ಕ್ಕೆ ತಂದರು. ಹದಿನೈದು ವರ್ಷಗಳ ಕಾಲ ಒಂದಷ್ಟು ಜನ ಇದನ್ನೇ ಕೂತು ಉಳಿತಾಯ ಮಾಡಿದ್ದಾರೆ. ಅಡಿಕೆ ಸುಲಿಯುವವರು ಬೆರಳಿನ ಒಂದು ತಿರುವು ಕಡಿಮೆ ಮಾಡಿಕೊಂಡ ಹಾಗೆ. ಕೋಟಿಗಟ್ಟಲೆ ಸುಲಿಯುವಾಗ ಆ ಒಂದು ತಿರುವಿಗೆ ಬೆಲೆ ಬರುತ್ತದೆ.

ನಾನು ಮೊದಲು ಹದಿನಾರು ಗಂಟೆ ತಿನ್ನುವುದು ಈ ಗುಣಾಕಾರವೇ ಎಂದುಕೊಂಡಿದ್ದೆ. ಅದು ತಪ್ಪು. ಹೊತ್ತು ತಿನ್ನುವುದು ಹುಡುಕಾಟ. ವಿಡಿಯೋದಲ್ಲಿ ಒಂದು ಚಿತ್ರಕ್ಕೂ ಮುಂದಿನದ್ದಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ವೇಷಧಾರಿ ಬಲಕ್ಕೆ ಒಂದು ಹೆಜ್ಜೆ ಸರಿದರೆ, ಆ ತುಂಡು ಹಿಂದಿನ ಚಿತ್ರದಲ್ಲಿ ಎಲ್ಲಿತ್ತು ಎಂದು ಬರೆದಿಟ್ಟರೆ ಸಾಕು, ತುಂಡನ್ನೇ ಮತ್ತೆ ಬರೆಯಬೇಕಿಲ್ಲ. ಆದರೆ ಎಲ್ಲಿತ್ತು ಎಂದು ಹುಡುಕಬೇಕಲ್ಲ! 16ಕ್ಕೆ 16ರ ಒಂದು ತುಂಡನ್ನು ನಾಲ್ಕೂ ದಿಕ್ಕಿಗೆ 16 ಚುಕ್ಕಿ ದೂರದವರೆಗೆ ಬಿಡದೆ ಹುಡುಕಿದರೆ 1,089 ಜಾಗಗಳು, ಜಾಗಕ್ಕೆ 256 ಹೋಲಿಕೆ. ಒಂದು ಚಿತ್ರದಲ್ಲಿ ಇಂಥ 1,620 ತುಂಡುಗಳು. ಒಟ್ಟು 45 ಕೋಟಿ ಕಳೆಯುವ ಲೆಕ್ಕ, ಒಂದೇ ಒಂದು ಚಿತ್ರಕ್ಕೆ. ಸಾಮಾನ್ಯವಾಗಿ ಹೀಗೆ ಪೂರ್ತಿ ಹುಡುಕುವುದಿಲ್ಲ. ಅಂಗಳದಲ್ಲಿ ಬಿದ್ದ ಮೂಗುತಿಯನ್ನು ಮೊದಲು ನಿಂತಲ್ಲಿ, ಆಮೇಲೆ ತುಳಸಿಕಟ್ಟೆಯ ಹತ್ತಿರ ಎಂದು ಅಂದಾಜಿನಲ್ಲಿ ಹುಡುಕುವ ಹಾಗೆ, ಎನ್‌ಕೋಡರುಗಳೂ ವಜ್ರಾಕಾರ, ಷಟ್ಕೋನ ಎಂದು ಹುಡುಕುವ ದಾರಿಗಳನ್ನು ಮಾಡಿಕೊಂಡಿವೆ. ಎಷ್ಟು ಹುಡುಕಬೇಕು, ಎಲ್ಲಿ ಸಾಕು ಅನ್ನಬೇಕು ಎಂಬುದೇ ವೇಗದ ಗುಟ್ಟು.

ಇಲ್ಲಿ ಚರಿತ್ರೆಯ ಒಂದು ತೀರ್ಮಾನ ಮುಖ್ಯ. 1988ರಲ್ಲಿ ಶುರುವಾದ ಎಂಪೆಗ್ ಗುಂಪು 1993ರಲ್ಲಿ ತನ್ನ ಮೊದಲ ಮಾನಕವನ್ನು ಹೊರತಂದಾಗ, ಅದರಲ್ಲಿ ಕಡತ ಹೇಗಿರಬೇಕು, ಅದನ್ನು ಬಿಡಿಸಿ ನೋಡುವುದು ಹೇಗೆ ಎಂದು ಮಾತ್ರ ಕಟ್ಟುನಿಟ್ಟಾಗಿ ಬರೆಯಿತು. ಎನ್‌ಕೋಡ್ ಮಾಡುವವರು ಹೇಗೆ ಮಾಡಬೇಕು ಎಂದು ಕಟ್ಟು ಹಾಕಲಿಲ್ಲ. ಮಾಡುವುದು ಒಮ್ಮೆ, ನೋಡುವುದು ಸಾವಿರ ಸಲ. ಕಷ್ಟವೆಲ್ಲ ಮಾಡುವವನ ಪಾಲಿಗಿರಲಿ, ನೋಡುವ ಯಂತ್ರ ಅಗ್ಗದ್ದಾಗಲಿ ಎಂಬುದು ಅದರ ಹಿಂದಿನ ವ್ಯವಹಾರ. ಅದೇ ವರ್ಷ ಬಂದ ವಿಸಿಡಿ ಆಮೇಲೆ ಸಾಮಾನ್ಯರ ಮನೆಗೂ ಬಂದದ್ದು ಈ ವ್ಯವಹಾರದಿಂದಾಗಿಯೇ. ಒಂದು ತಟ್ಟೆಗೆ 74 ನಿಮಿಷ, ಒಂದು ರಾತ್ರಿಯ ಆಟಕ್ಕೆ ಏಳು ತಟ್ಟೆ. 2003ರಲ್ಲಿ ಬಂದ ಎಚ್.264 ಮಾನಕವೂ ಇದೇ ದಾರಿ ಹಿಡಿಯಿತು. ಹಾಗಾಗಿ ಒಂದೇ ಬಗೆಯ ಕಡತವನ್ನು ಒಬ್ಬರ ಎನ್‌ಕೋಡರ್ ಒಂದು ಗಂಟೆಯಲ್ಲಿ ಮಾಡಬಹುದು, ಇನ್ನೊಬ್ಬರದು ಹತ್ತು ಗಂಟೆ ತೆಗೆದುಕೊಂಡು ಇನ್ನೂ ಚೆನ್ನಾಗಿ ಮಾಡಬಹುದು. ಎನ್‌ಕೋಡಿಂಗಿಗೆ ಗಡಿಯಾರ ಹಿಡಿಯುವ ಕೆಲಸ ಹುಟ್ಟಿದ್ದು ಈ ಬಿಡುವಿನಲ್ಲಿ.

ಗಡಿಯಾರ ಹಿಡಿಯುವುದು ಹಳೆಯ ಕಥೆ. 1880ರ ದಶಕದಲ್ಲಿ ಫಿಲಡೆಲ್ಫಿಯಾದ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಕೆಲಸಗಾರರ ಬೆನ್ನಿಗೆ ಸ್ಟಾಪ್‌ವಾಚ್ ಹಿಡಿದು ನಿಂತ. 1911ರಲ್ಲಿ ವಾಟರ್‌ಟೌನಿನ ಸರ್ಕಾರಿ ಶಸ್ತ್ರಾಗಾರದಲ್ಲಿ ಅಚ್ಚು ಹೊಯ್ಯುವವರು ಆ ಗಡಿಯಾರ ಕಂಡೇ ಕೆಲಸ ಬಿಟ್ಟು ಹೊರನಡೆದರು. ನನ್ನ ಅಮ್ಮ ಬೀಡಿ ಕಟ್ಟುವವಳು. ಅವಳಿಗೆ ಸಾವಿರದ ಲೆಕ್ಕ, ಗಂಟೆಯ ಲೆಕ್ಕ ಅಲ್ಲ. ಆದರೂ ರೇಡಿಯೋದಲ್ಲಿ ಒಂದು ತಾಳಮದ್ದಳೆ ಮುಗಿಯುವಷ್ಟರಲ್ಲಿ ಎಷ್ಟು ಕಟ್ಟು ಆಗುತ್ತದೆ ಎಂದು ಅವಳಿಗೆ ಸರಿಯಾಗಿ ಗೊತ್ತು.

ಕಂಪ್ಯೂಟರಿನಲ್ಲಿ ಈ ಕೆಲಸಕ್ಕೆ ಸಿಕ್ಕಿದ ಮೊದಲ ಒಳ್ಳೆಯ ಸಾಧನಗಳಲ್ಲಿ ಒಂದು ಯುನಿಕ್ಸಿನ 'ಟೈಮ್' ಆಜ್ಞೆ. 1973ರ ಮೂರನೆಯ ಆವೃತ್ತಿಯಲ್ಲಿ, ಅಂದರೆ ಅಹಮದ್ ಬೇಸಿಗೆ ಕಳೆದ ಅದೇ ವರ್ಷ, ಅದು ಬಂತು. ಅದು ಹೇಳುವುದು ಒಂದು ಹೊತ್ತನ್ನಲ್ಲ. ಗೋಡೆಯ ಗಡಿಯಾರದಲ್ಲಿ ಕಳೆದ ಹೊತ್ತು ಬೇರೆ, ಯಂತ್ರ ನಿಜವಾಗಿ ನಿಮ್ಮ ಲೆಕ್ಕಕ್ಕೆ ದುಡಿದ ಹೊತ್ತು ಬೇರೆ, ವ್ಯವಸ್ಥೆಯ ಒಳಗಿನ ಚಾಕರಿಗೆ ಹೋದ ಹೊತ್ತು ಬೇರೆ ಎಂದು ಮೂರಾಗಿ ಹೇಳುತ್ತದೆ. ಪಾತ್ರಧಾರಿ ರಂಗಸ್ಥಳದಲ್ಲಿದ್ದ ಹೊತ್ತು ಮತ್ತು ಚೌಕಿಯಲ್ಲಿ ಬಣ್ಣ ಹಚ್ಚುತ್ತ ಕುಳಿತ ಹೊತ್ತನ್ನು ನಾನು ಬೇರೆ ಬೇರೆ ಹಿಡಿಯುವ ಹಾಗೆ.

ಆದರೆ ಆಜ್ಞೆ ಬರೆದು ಓಡಿಸುವ ತಂತ್ರಾಂಶಕ್ಕೆ ಅದು ಸರಿ, ಕಿಟಕಿ, ಗುಂಡಿ, ಮೌಸ್ ಇರುವ ತಂತ್ರಾಂಶಕ್ಕೆ ಗಡಿಯಾರ ಕಟ್ಟುವುದು ಹೇಗೆ? ಗುಂಡಿ ಒತ್ತಲು ಮನುಷ್ಯ ಬೇಕು, ಮನುಷ್ಯನ ಕೈ ಒಂದೊಂದು ಸಲ ಒಂದೊಂದು ವೇಗ. ಆದ್ದರಿಂದ ಕೈಯ ಬದಲಿಗೆ ಸ್ಕ್ರಿಪ್ಟ್ ಬಂತು. 1990ರ ವಿಂಡೋಸ್ 3.0ರಲ್ಲಿ 'ರೆಕಾರ್ಡರ್' ಎಂಬ ಸಣ್ಣ ತಂತ್ರಾಂಶ ಇತ್ತು. ನೀವು ಒತ್ತಿದ್ದನ್ನೆಲ್ಲ ನೆನಪಿಟ್ಟು ಮತ್ತೆ ಒತ್ತುತ್ತಿತ್ತು. ವಿಂಡೋಸ್ 95ರ ಹೊತ್ತಿಗೆ ಅದು ಮಾಯವಾಯಿತು. 1993ರಲ್ಲಿ ಆಪಲ್ ಕಂಪನಿ ಆಪಲ್‌ಸ್ಕ್ರಿಪ್ಟ್ ತಂದಿತು. ಅದು ಇಂಥ ಜಾಗದಲ್ಲಿ ಒತ್ತು ಎನ್ನುವುದಿಲ್ಲ, ಈ ಕಡತವನ್ನು ತೆರೆ ಎಂದು ತಂತ್ರಾಂಶಕ್ಕೇ ಹೇಳುತ್ತದೆ. ಇದು ಬಹಳ ಮರ್ಯಾದೆಯ ದಾರಿ. ವಿಂಡೋಸಿನಲ್ಲಿ 1999ರಲ್ಲಿ ಆಟೋಇಟ್, 2003ರಲ್ಲಿ ಆಟೋಹಾಟ್‌ಕೀ ಬಂದವು. ಎರಡೂ ಒಬ್ಬೊಬ್ಬರು ಶುರುಮಾಡಿದ ಉಚಿತ ತಂತ್ರಾಂಶಗಳು.

ಅದೇ ಹೊತ್ತಿಗೆ ಪತ್ರಿಕೆಗಳೂ ಕಂಪನಿಗಳೂ ಯಂತ್ರದ ವೇಗ ಅಳೆಯಲು ಇದೇ ಉಪಾಯ ಹಿಡಿದವು. ಝಿಫ್-ಡೇವಿಸ್ ಪತ್ರಿಕಾ ಸಂಸ್ಥೆಯ ವಿನ್‌ಸ್ಟೋನ್, 1991ರಲ್ಲಿ ಹುಟ್ಟಿದ ಬ್ಯಾಪ್ಕೋ ಒಕ್ಕೂಟದ ಸಿಸ್‌ಮಾರ್ಕ್ ಇವೆಲ್ಲ ಜನ ದಿನಾ ಬಳಸುವ ತಂತ್ರಾಂಶಗಳನ್ನೇ ಸ್ಕ್ರಿಪ್ಟಿನಿಂದ ಓಡಿಸಿ ಹೊತ್ತು ಬರೆದುಕೊಳ್ಳುತ್ತಿದ್ದವು. ಯಾವ ತಂತ್ರಾಂಶವನ್ನು ಓಡಿಸಬೇಕು ಎಂದು ಆರಿಸುವವರ ಕೈಯಲ್ಲೇ ಫಲಿತಾಂಶವೂ ಇರುತ್ತದೆ ಎಂಬ ಜಗಳ ಆಗಲೇ ಇತ್ತು. 2011ರಲ್ಲಿ ಎಎಂಡಿ ಕಂಪನಿ ಇದೇ ತಕರಾರಿನಲ್ಲಿ ಬ್ಯಾಪ್ಕೋ ಬಿಟ್ಟು ಹೊರಬಂತು. ವಿಡಿಯೋ ಎನ್‌ಕೋಡಿಂಗ್ ಮಾತ್ರ ಎಲ್ಲ ಅಳತೆಗಾರರಿಗೂ ಇಷ್ಟದ ಪರೀಕ್ಷೆಯಾಗಿ ಉಳಿಯಿತು. ಸ್ಪೆಕ್ ಸಂಸ್ಥೆಯ 2006ರ ಪರೀಕ್ಷಾ ಮಾಲೆಯಲ್ಲಿ ಎಚ್.264ರ ಮಾದರಿ ಎನ್‌ಕೋಡರ್ ಇತ್ತು, 2017ರದ್ದರಲ್ಲಿ ಎಕ್ಸ್264 ಇದೆ. ಯಂತ್ರವನ್ನು ಇಷ್ಟು ದಣಿಸುವ ನಿತ್ಯದ ಕೆಲಸ ಬೇರೆ ಹೆಚ್ಚಿಲ್ಲ.

ಕಕ್ಕಿಂಜೆಗೆ ಬರುತ್ತೇನೆ. ಕ್ಯಾಸೆಟ್ಟಿನಿಂದ ಇಳಿಸುವ ಕೆಲಸವನ್ನು ಚುರುಕು ಮಾಡಲಾಗುವುದಿಲ್ಲ. ಒಂದು ಗಂಟೆಯ ಕ್ಯಾಸೆಟ್ಟು ಒಂದು ಗಂಟೆಯೇ ಓಡಬೇಕು. ಇಳಿಸಿದ ಮೂಲ ಕಡತ ಗಂಟೆಗೆ 13 ಜಿಬಿ, 112 ಗಂಟೆಗೆ ಹತ್ತಿರಹತ್ತಿರ ಒಂದೂವರೆ ಟಿಬಿ. ಮೂಲವನ್ನೇ ಎರಡು ಡಿಸ್ಕಿನಲ್ಲಿ ಇಡುವುದು ಸರಿಯಾದ ಕ್ರಮ. ಶಿಷ್ಯವೇತನದಲ್ಲಿ ಒಂದೇ ಡಿಸ್ಕು ಸಾಧ್ಯವಾಯಿತು. ಎರಡನೆಯ ಪ್ರತಿ ಎನ್‌ಕೋಡ್ ಮಾಡಿದ ಸಣ್ಣ ಕಡತವೇ. ಡಿಸ್ಕು ಸತ್ತರೆ ಉಳಿಯುವುದು ಅದೊಂದೇ. ಹಾಗಾಗಿ ಬೇಗ ಮುಗಿಸಿ ಕೈತೊಳೆದುಕೊಳ್ಳುವ ಹಾಗೂ ಇರಲಿಲ್ಲ, ಹದಿನಾರು ಗಂಟೆಯ ಲೆಕ್ಕದಲ್ಲಿ ಹದಿನಾಲ್ಕು ಆಟಕ್ಕೆ 224 ಗಂಟೆ ಕೊಡುವ ಹಾಗೂ ಇರಲಿಲ್ಲ. ಅದೂ ಮಳೆಗಾಲದಲ್ಲಿ, ಗಾಳಿ ಬೀಸಿ ಒಂದು ಮರದ ಗೆಲ್ಲು ತಂತಿಗೆ ತಾಗಿದರೆ ಕರೆಂಟು ಹೋಗುವ ಊರಿನಲ್ಲಿ.

ಎಕ್ಸ್264ರಲ್ಲಿ ವೇಗದ ಹತ್ತು ಮೆಟ್ಟಿಲುಗಳಿವೆ. ಒಂದು ತುದಿಯಲ್ಲಿ 'ಅಲ್ಟ್ರಾಫಾಸ್ಟ್', ಇನ್ನೊಂದು ತುದಿಯಲ್ಲಿ 'ಪ್ಲಸೀಬೊ'. ಹೊತ್ತು ಬೇಕಾದಷ್ಟು ಹೋಗಿ ಲಾಭ ಏನೂ ಕಾಣದಿರುವುದಕ್ಕೆ ಮಾಡಿದವರೇ ಇಟ್ಟ ಹೆಸರು ಅದು. ನಾನು ಯಾವುದನ್ನೂ ನೋಡದೆ ಬಹಳ ನಿಧಾನದ ಒಂದನ್ನು ಆರಿಸಿದ್ದೆ. ಹತ್ತು ನಿಮಿಷದ ಮೂರು ತುಣುಕು ಆರಿಸಿಕೊಂಡೆ: ಒಂದು ಒಡ್ಡೋಲಗ, ಒಂದು ಬರೀ ಅರ್ಥ ಹೇಳುವ ಸನ್ನಿವೇಶ, ಒಂದು ಧೀಂಗಿಣದ ಕುಣಿತ. ಪ್ರತಿಯೊಂದನ್ನೂ ಐದು ಮೆಟ್ಟಿಲುಗಳಲ್ಲಿ ಓಡಿಸಿ ಹೊತ್ತು ಬರೆದುಕೊಳ್ಳುವುದು ಲೆಕ್ಕ. ಆಜ್ಞೆ ಬರೆದು ಎಫ್ಎಫ್‌ಎಂಪೆಗ್‌ನಲ್ಲಿ ಮಾಡಿದ್ದರೆ ನಾಲ್ಕು ಸಾಲಿನ ಕೆಲಸ. ಆದರೆ ನಾನು ವಿಶ್ವವಿದ್ಯಾಲಯಕ್ಕೆ ಮರಳಿದ ಮೇಲೆ ಉಳಿದದ್ದನ್ನು ಮಾಡುವವರು ಅಣ್ಣ, ಅವರಿಗೆ ಗೊತ್ತಿದ್ದದ್ದು ಕಿಟಕಿಯಿರುವ ತಂತ್ರಾಂಶ. ಅವರ ಯಂತ್ರದಲ್ಲಿ, ಅವರ ತಂತ್ರಾಂಶದಲ್ಲಿ ಎಷ್ಟು ಹೊತ್ತು ಎಂದೇ ತಿಳಿಯಬೇಕಿತ್ತು. ಆದ್ದರಿಂದ ಆಟೋಹಾಟ್‌ಕೀಯಲ್ಲಿ ಸ್ಕ್ರಿಪ್ಟ್ ಬರೆದೆ: ತಂತ್ರಾಂಶ ತೆರೆ, ಕಡತ ಹಾಕು, ಮೆಟ್ಟಿಲು ಆರಿಸು, ಶುರು ಗುಂಡಿ ಒತ್ತು, ಮುಗಿಯುವವರೆಗೆ ಕಾಯು, ಹೊತ್ತು ಬರೆ, ಮುಂದಿನದಕ್ಕೆ ಹೋಗು.

ಮೊದಲ ರಾತ್ರಿಯ ಲಾಗ್ ಕಡತ ಬೆಳಿಗ್ಗೆ ತೆರೆದರೆ ಎಲ್ಲವೂ ಮೂರು ಸೆಕೆಂಡಿನಲ್ಲಿ ಮುಗಿದಿತ್ತು! ಗುಂಡಿ ಇರುವ ಜಾಗವನ್ನು ಅಡ್ಡ ಇಷ್ಟು, ಉದ್ದ ಇಷ್ಟು ಎಂದು ಅಂಕಿಯಲ್ಲಿ ಬರೆದಿದ್ದೆ. ರಾತ್ರಿ ಯಾವುದೋ ಸೂಚನೆಯ ಪೆಟ್ಟಿಗೆ ಮೇಲೆ ಬಂದು ಕುಳಿತಿದೆ, ಸ್ಕ್ರಿಪ್ಟ್ ನಿಷ್ಠೆಯಿಂದ ಅದರ ಮೇಲೆಯೇ ಒತ್ತುತ್ತ ಹೋಗಿದೆ, ಕಿಟಕಿ ಬದಲಾದ ಕೂಡಲೇ ಕೆಲಸ ಮುಗಿಯಿತು ಎಂದು ಬರೆದುಕೊಂಡಿದೆ. ತಪ್ಪು ಪೂರ್ತಿ ನನ್ನದೇ. ಜಾಗದ ಬದಲು ಗುಂಡಿಯ ಹೆಸರು ಹಿಡಿದು ಒತ್ತುವಂತೆ, ಹೊಸ ಕಡತ ನಿಜವಾಗಿ ಹುಟ್ಟಿ ಅದರ ಗಾತ್ರ ಬೆಳೆಯುವುದು ನಿಂತ ಮೇಲೆಯೇ ಹೊತ್ತು ಬರೆಯುವಂತೆ ಬದಲಿಸಿದೆ. ಹತ್ತು ಸೆಕೆಂಡಿಗೊಮ್ಮೆ ಇಣುಕಿ ನೋಡುವ ಸ್ಕ್ರಿಪ್ಟಾದ್ದರಿಂದ ಪ್ರತಿ ಅಳತೆಯಲ್ಲೂ ಹತ್ತು ಸೆಕೆಂಡಿನವರೆಗೆ ಹೆಚ್ಚುಕಡಿಮೆ ಇರಬಹುದು. ಹತ್ತು ನಿಮಿಷದ ಕೆಲಸಕ್ಕೆ ಅದು ಸಹ್ಯ.

ಎರಡನೆಯ ರಾತ್ರಿಯ ಅಂಕಿಗಳು ನಂಬುವ ಹಾಗಿದ್ದವು, ಆದರೆ ವಿಚಿತ್ರವಾಗಿದ್ದವು. ಸಾಲಿನಲ್ಲಿ ಕೊನೆಗೆ ಬಂದ ಧೀಂಗಿಣ ಎಲ್ಲಕ್ಕಿಂತ ನಿಧಾನ. ವೇಗದ ತಿರುಗು ಇರುವುದರಿಂದ ಹುಡುಕಾಟ ಜಾಸ್ತಿ ಎಂದು ಖುಷಿಯಿಂದ ಟಿಪ್ಪಣಿ ಬರೆದೂ ಬಿಟ್ಟೆ. ಅನುಮಾನ ಬಂದು ಸಾಲು ತಿರುಗಿಸಿ ಧೀಂಗಿಣವನ್ನು ಮೊದಲು ಓಡಿಸಿದರೆ, ನಿಧಾನವಾದದ್ದು ಕೊನೆಗೆ ಬಂದ ಒಡ್ಡೋಲಗ. ಯಂತ್ರ ಬಿಸಿಯಾಗುತ್ತಿತ್ತು. ಬಿಸಿ ಏರಿದಂತೆ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ನಾನು ಅಳೆದದ್ದು ಕುಣಿತವನ್ನಲ್ಲ, ಸ್ಟುಡಿಯೋದ ಸೆಕೆಯನ್ನು. ಆಮೇಲೆ ಪ್ರತಿ ಓಟದ ನಡುವೆ ಹತ್ತು ನಿಮಿಷ ಬಿಡುವು, ಸಾಲು ಪ್ರತಿ ಸಲ ಬೇರೆ, ಪ್ರತಿಯೊಂದೂ ಮೂರು ಸಲ ಎಂದು ಮಾಡಿದೆ. ಧೀಂಗಿಣಕ್ಕೆ ಆಗಲೂ ಹೊತ್ತು ಜಾಸ್ತಿಯೇ ಬಂತು, ಆದರೆ ಮೊದಲು ಕಂಡಷ್ಟಲ್ಲ. ಬಯಲಾಟದ ಹೊತ್ತಿನ ಬಗ್ಗೆ ನಾನು ಮೊದಲು ಬರೆದಿಟ್ಟ ಅಂಕಿಗಳನ್ನೂ ಆ ವಾರ ಮತ್ತೆ ತೆಗೆದು ನೋಡಿದೆ. ನಸುಕಿನ ನಾಲ್ಕು ಗಂಟೆಗೆ ಭಾಗವತರು ಪದ ನಿಧಾನಿಸಿದ್ದು ಪ್ರಸಂಗಕ್ಕಾಗಿಯೋ, ಎಂಟು ಗಂಟೆ ಕೂತ ಗಂಟಲಿಗಾಗಿಯೋ ಎಂದು ನಾನು ಕೇಳಿರಲೇ ಇಲ್ಲ.

ಕೊನೆಗೆ ನಡುವಿನ ಒಂದು ಮೆಟ್ಟಿಲು ಸಿಕ್ಕಿತು. ಎಂಟು ಗಂಟೆಯ ಆಟಕ್ಕೆ ಆರು ಗಂಟೆಗಿಂತ ತುಸು ಕಡಿಮೆ. ಅದಕ್ಕಿಂತ ವೇಗದವುಗಳಲ್ಲಿ ದೊಂದಿ ಹಿಡಿದು ಬಣ್ಣದ ವೇಷ ಬರುವ ಕಡೆ ಹೊಗೆಯೂ ಕತ್ತಲೂ ಚೌಕ ಚೌಕವಾಗಿ ಒಡೆದು, ಚುಟ್ಟಿ ಕರಗಿಹೋಗುತ್ತಿತ್ತು. ನಿಧಾನದವುಗಳಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಅಣ್ಣನಿಗೂ ಎರಡನ್ನೂ ತೋರಿಸಿ, ಯಾವುದು ಯಾವುದೆಂದು ಹೇಳದೆ ಕೇಳಿದೆ. ಅವರು ಬಹಳ ಹೊತ್ತು ನೋಡಿ, ಎರಡೂ ಕಡೆ ತನ್ನ ಕೈ ನಡುಗಿದ್ದು ಮಾತ್ರ ಕಾಣುತ್ತದೆ ಎಂದರು. ಒಂದು ಪದ್ಯದ ನಡುವೆ ಚಿತ್ರ ಹಾರಿದ್ದನ್ನು ನಾನು ತೋರಿಸಿದ್ದಕ್ಕೆ, "ಅಲ್ಲಿ ಕ್ಯಾಸೆಟ್ ಬದಲಿಸಿದ್ದು, ಚಾ ಕುಡೀಲಿಕ್ಕೆ ಹೋದದ್ದಲ್ಲ, ಅದನ್ನೂ ಬರಕೊ" ಎಂದರು. ಬರೆದುಕೊಂಡೆ.

ದೀಪಾವಳಿಯ ಹೊತ್ತಿಗೆ ಒಂಬತ್ತು ಆಟಗಳು ಮುಗಿದವು. ಉಳಿದ ಐದರ ಕ್ಯಾಸೆಟ್ಟುಗಳು ಕ್ಯಾಮೆರಾದ ಜೊತೆಗೆ ಈಗ ನಮ್ಮ ಮನೆಯ ಅಕ್ಕಿ ಡಬ್ಬಿಯಲ್ಲಿವೆ, ಥಂಡಿ ತಾಗಬಾರದೆಂದು ಅಮ್ಮನೇ ಹಾಕಿಟ್ಟದ್ದು. ಸ್ಕ್ರಿಪ್ಟ್ ಅಣ್ಣನ ಯಂತ್ರದಲ್ಲಿದೆ. ಮೊನ್ನೆ ಫೋನು ಮಾಡಿದ್ದರು. ಹತ್ತನೆಯ ಆಟದ ಮೂರನೆಯ ಕ್ಯಾಸೆಟ್ಟು ಓಡುವಾಗ ಕ್ಯಾಮೆರಾ ಒಂದು ಬಗೆಯ ಸದ್ದು ಮಾಡುತ್ತಿದೆಯಂತೆ. ಶನಿವಾರ ಊರಿಗೆ ಹೋಗುತ್ತಿದ್ದೇನೆ.